ವಯಸ್ಸೋ ಅವಧಿಯೋ: ಶೈಶವದ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಗೆ ತಕ್ಕ ಕಾಲ

ಹುಟ್ಟಿದ ಆರು ತಿಂಗಳೊಳಗೆ ಕಾಣಿಸಿಕೊಂಡು ಉಳಿದುಬಿಡುವ ಒಳಮುಖ ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆ ಬೇಕೆಂಬುದರಲ್ಲಿ ತಕರಾರಿಲ್ಲ. ಒಳಬದಿಯ ಸ್ನಾಯುಗಳನ್ನು ಹಿಂದಕ್ಕೆ ಸರಿಸಿ ಹೊಲಿಯುವ ವಿಧಾನವೂ ಪಳಗಿದ್ದೇ. ಜಗಳವೆಲ್ಲ ಕಾಲದ ಬಗ್ಗೆ. ಎರಡು ಕಣ್ಣಿನ ನೋಟವನ್ನು ಒಂದಾಗಿಸುವ ಶಕ್ತಿಯೇ ಈ ಮಕ್ಕಳಿಗೆ ಹುಟ್ಟಿನಿಂದ ಕಡಿಮೆ ಎಂದು ಕ್ಲಾಡ್ ವರ್ತ್ 1903ರಲ್ಲಿ ವಾದಿಸಿದರು. ಶಕ್ತಿ ಇರುತ್ತದೆ, ಬಳಕೆ ತಪ್ಪಿ ಕೆಡುತ್ತದೆ ಎಂದು ಚವಾಸ್ 1939ರಲ್ಲಿ ಎದುರು ನಿಂತರು. ಕೃತಕವಾಗಿ ಮೆಳ್ಳೆ ಮಾಡಿದ ಬೆಕ್ಕಿನ ಮರಿಗಳ ಮಿದುಳಿನಲ್ಲಿ ಎರಡೂ ಕಣ್ಣಿಗೆ ಸ್ಪಂದಿಸುವ ಕೋಶಗಳು ತೀರ ಕಡಿಮೆಯಾಗುವುದನ್ನು ಹ್ಯೂಬೆಲ್ ಮತ್ತು ವೀಸೆಲ್ 1965ರಲ್ಲಿ ತೋರಿಸಿದ ಮೇಲೆ ಒಲವು ಚವಾಸ್ ಕಡೆ ವಾಲಿತು. ಎರಡು ವರ್ಷದೊಳಗೆ ಕಣ್ಣು ನೇರವಾಗಬೇಕೆಂಬ ಇಂಗ್ ಅವರ 1981ರ ನಿಲುವು ವಾಡಿಕೆಯ ಸೂತ್ರವಾಯಿತು.

ಈ ಸೂತ್ರದ ಬಲ ಅಳೆಯಲು ಹೊರಟದ್ದು ಯುರೋಪಿನ ಬಹುಕೇಂದ್ರ ಅಧ್ಯಯನ. ಸಿಮೊನ್ಸ್ ಮತ್ತು ಸಂಗಡಿಗರು ಅದನ್ನು 2005ರಲ್ಲಿ ಪ್ರಕಟಿಸಿದರು. ಆಳದ ಗ್ರಹಿಕೆಯನ್ನು ಪರೀಕ್ಷಿಸುವ ಟಿಟ್ಮಸ್ ನೊಣದ ಚಿತ್ರವನ್ನು ಆರನೆಯ ವಯಸ್ಸಿನಲ್ಲಿ ಉಬ್ಬಿದಂತೆ ಕಂಡವರು ಬೇಗ ಶಸ್ತ್ರಚಿಕಿತ್ಸೆಗೆ ನಿಗದಿಯಾದ ಗುಂಪಿನಲ್ಲಿ ಶೇ. 13.5, ತಡವಾದ ಗುಂಪಿನಲ್ಲಿ ಶೇ. 3.9. ಲಾಭ ಇಷ್ಟೇ ಎಂದು ಹಲವರು ಕೈಚೆಲ್ಲಿದರು. ಈ ಓದನ್ನು ಒಪ್ಪುವುದು ಕಷ್ಟ. ಅಲ್ಲಿ 'ಬೇಗ' ಎನಿಸಿಕೊಂಡ ಮಕ್ಕಳಿಗೆ ಮೊದಲ ಶಸ್ತ್ರಚಿಕಿತ್ಸೆ ಆದದ್ದು ಸರಾಸರಿ 20 ತಿಂಗಳಿಗೆ. ಆಳದ ಗ್ರಹಿಕೆ ಮೊಳೆಯುವುದೋ ಮೂರರಿಂದ ಐದನೆಯ ತಿಂಗಳಲ್ಲಿ. ಅಂದರೆ ಆ ಕಣ್ಣುಗಳು ಅಷ್ಟರಲ್ಲಾಗಲೇ ವರ್ಷಕ್ಕೂ ಮೀರಿ ಜೋಡಿ ತಪ್ಪಿದ್ದವು. ಹೋಲಿಕೆ ನಡೆದದ್ದು ತಡಕ್ಕೂ ಇನ್ನಷ್ಟು ತಡಕ್ಕೂ.

ಆದ್ದರಿಂದ, ಫಲವನ್ನು ನಿರ್ಧರಿಸುವುದು ಮಗುವಿನ ವಯಸ್ಸಲ್ಲ, ಕಣ್ಣು ಜೋಡಿ ತಪ್ಪಿದ್ದ ಅವಧಿ ಎಂಬ ಬರ್ಚ್ ಮತ್ತವರ ಸಂಗಡಿಗರ 2000ದ ವಾದವನ್ನು ಯುರೋಪಿನ ಅಂಕಿಗಳು ಅಲ್ಲಗಳೆಯುವುದಿಲ್ಲ. ನನ್ನ ಓದಿನಲ್ಲಿ ಅದನ್ನು ಮುಟ್ಟುವುದೂ ಇಲ್ಲ. ಇದನ್ನು ಎಚ್ಚರದಿಂದಲೇ ಹೇಳಬೇಕು. ಯುರೋಪಿನ ಅಧ್ಯಯನದಲ್ಲಿ ಮಕ್ಕಳನ್ನು ಗುಂಪಿಗೆ ಹಾಕಿದ್ದು ಚೀಟಿ ಎತ್ತಿ ಅಲ್ಲ. ಬಹುಪಾಲು ಮಕ್ಕಳಲ್ಲಿ ಮೆಳ್ಳೆ ಒಂದೇ ಕಿರಿದಾದ ಕಾಲಾವಕಾಶದಲ್ಲಿ ಆರಂಭವಾಗುವುದರಿಂದ ವಯಸ್ಸನ್ನೂ ಅವಧಿಯನ್ನೂ ಬಿಡಿಸುವುದು ಸುಲಭವೂ ಅಲ್ಲ.

ಅವಧಿ ಮುಖ್ಯವೆಂದು ಬೇಗ ಶಸ್ತ್ರಚಿಕಿತ್ಸೆಗೆ ಹೊರಟು, ತಾನಾಗಿ ಸರಿಹೋಗುವ ಕಣ್ಣಿಗೆ ಕತ್ತರಿ ಹಾಕಿಬಿಟ್ಟರೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಅಮೆರಿಕದ ತಂಡವೊಂದು 2002ರಲ್ಲಿ ವರದಿ ಮಾಡಿದಂತೆ, ಐದು ತಿಂಗಳೊಳಗೆ ಗುರುತಿಸಿದ 170 ಶಿಶುಗಳಲ್ಲಿ 46ಕ್ಕೆ ಮೆಳ್ಳೆ ತಾನಾಗಿಯೇ ಹೋಯಿತು. ಆದರೆ ಓರೆ ಸದಾ ಇದ್ದು ಅದರ ಅಳತೆ 40 ಪ್ರಿಸಂ ಡಯಾಪ್ಟರ್ ಅಥವಾ ಹೆಚ್ಚಿದ್ದ 42 ಶಿಶುಗಳಲ್ಲಿ ಹಾಗಾದದ್ದು ಒಂದಕ್ಕೆ ಮಾತ್ರ. ಕಾಯಬೇಕಾದವರು ಯಾರೆಂದು ಈ ಭೇದವೇ ಹೇಳುತ್ತದೆ.

ಅವಧಿಯ ವಾದವನ್ನು ವಯಸ್ಕರವರೆಗೆ ಎಳೆದು, ಅವರಿಗೆ ಶಸ್ತ್ರಚಿಕಿತ್ಸೆ ಬರೀ ಚಂದಕ್ಕೆ ಎನ್ನುವುದು ತಪ್ಪು. ಒಳಮುಖ ಮೆಳ್ಳೆ ಕುಗ್ಗಿಸಿದ ಎರಡು ಕಣ್ಣಿನ ಒಟ್ಟು ನೋಟದ ಹರವು ಕಣ್ಣು ನೇರವಾದ ಮೇಲೆ ವಯಸ್ಕರಲ್ಲೂ ಹಿಗ್ಗುತ್ತದೆ. ಬಾಲ್ಯದಲ್ಲೇ ಶಸ್ತ್ರಚಿಕಿತ್ಸೆಯಾಗಿದ್ದ ನರವಿಜ್ಞಾನಿ ಸೂಸನ್ ಬ್ಯಾರಿ ನಲವತ್ತು ದಾಟಿದ ಮೇಲೆ ಕಣ್ಣಿನ ಅಭ್ಯಾಸಗಳಿಂದ ಆಳದ ನೋಟ ಪಡೆದರು. ಆ ಒಂಟಿ ಉದಾಹರಣೆಯ ಮೇಲೆ ಹೆಚ್ಚು ಭಾರ ಹೇರಲಾಗದು.

ಇನ್ನೊಂದು ತೊಡಕು ಉಳಿದಿದೆ. ಎಳೆಗೂಸುಗಳ ಕಣ್ಣು ಮೊದಲ ತಿಂಗಳುಗಳಲ್ಲಿ ಹೇಗೂ ಅತ್ತಿತ್ತ ಹೊರಳುತ್ತದೆ. ಮೆಳ್ಳೆ ಶುರುವಾದ ದಿನಕ್ಕೆ ಆಧಾರ ಬಹುಮಟ್ಟಿಗೆ ತಾಯಂದಿರ ನೆನಪು. ಅವಧಿಯನ್ನು ಯಾವ ದಿನದಿಂದ ಎಣಿಸಬೇಕೆಂಬುದು ಗೊತ್ತಾಗದೆ ಈ ವಾದಕ್ಕೆ ಬಿಗಿಯಾದ ಪರೀಕ್ಷೆ ಒಡ್ಡಲಾಗದು.