ಹಿಂದಲೆಯ ಕುಳಿ ಮತ್ತು ಮರುಕಳಿಸುವ ಮೆದುಳಿನ ಸೋಂಕು: ರಾಯಲ್ಪಾಡು ಸೀಮೆಗಾಗಿ ಒಂದು ಟಿಪ್ಪಣಿ

ಕೋಲಾರ ಜಿಲ್ಲೆಯಲ್ಲಿ ಮಗುವಿಗೆ ಜ್ವರ, ವಾಂತಿ, ಫಿಟ್ಸ್ ಒಟ್ಟಿಗೆ ಬಂದರೆ ಮೊದಲ ಸಂದೇಹ ಸೊಳ್ಳೆಯ ಮೇಲೆ. 1970ರ ದಶಕದ ಕೊನೆಯಲ್ಲಿ ಇಲ್ಲಿ ಹಬ್ಬಿದ ಜಪಾನೀಸ್ ಎನ್ಸೆಫಲೈಟಿಸ್ ಕಲಿಸಿದ ಎಚ್ಚರ ಅದು. ಇರಲೇಬೇಕಾದ ಎಚ್ಚರವೂ ಹೌದು. ಆದರೆ ಅದೇ ಮಗುವಿಗೆ ಮೆನಿಂಜೈಟಿಸ್ (ಮೆದುಳುಪೊರೆಯ ಸೋಂಕು) ಎರಡನೆಯ ಸಲ ಬಂದರೆ, ಬೆನ್ನುನೀರಿನಲ್ಲಿ ಬ್ಯಾಕ್ಟೀರಿಯಾ ಕಂಡರೆ, ಹುಡುಕಬೇಕಾದ ಜಾಗ ಬೇರೆ: ಹಿಂದಲೆ, ಮೂಗಿನ ಬುಡ, ಬೆನ್ನಿನ ನಡುಗೆರೆ.

ಗರ್ಭದ ಮೂರರಿಂದ ಐದನೆಯ ವಾರದೊಳಗೆ ಚರ್ಮವಾಗುವ ಪದರವೂ ನರಮಂಡಲವಾಗುವ ಪದರವೂ ಬೇರ್ಪಡಬೇಕು. ಎಲ್ಲೋ ಒಂದು ಕಡೆ ಅಂಟಿಕೊಂಡೇ ಉಳಿದರೆ ಚರ್ಮದಿಂದ ಒಳಕ್ಕೆ ಸಪೂರ ನಾಳವೊಂದು ಉಳಿಯುತ್ತದೆ. ವೈದ್ಯರು ಇದನ್ನು ಡರ್ಮಲ್ ಸೈನಸ್ ಎನ್ನುತ್ತಾರೆ. ಇದು ಹೆಚ್ಚಾಗಿ ಸೊಂಟದ ಕೆಳಭಾಗದಲ್ಲಿ, ಆ ಬಳಿಕ ಹಿಂದಲೆಯಲ್ಲಿ ಕಾಣುತ್ತದೆ. ಹಿಂದಲೆಯ ನಾಳ ಬುರುಡೆಯ ಕಿರುತೂತಿನ ಮೂಲಕ ಕೆಳಮುಖವಾಗಿ ಇಳಿದು ಕಿರುಮೆದುಳಿನ ಹತ್ತಿರಕ್ಕೆ ಹೋಗಬಲ್ಲದು. ತುದಿಯಲ್ಲಿ ಹಲವು ಸಲ ಕೂದಲು, ಜಿಡ್ಡು ತುಂಬಿದ ಡರ್ಮಾಯ್ಡ್ ಗಂಟು ಇರುತ್ತದೆ. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಈ ದಾರಿಯಲ್ಲೇ ಒಳಸೇರಿ ಮೆನಿಂಜೈಟಿಸ್ ತರುತ್ತದೆ, ಇಲ್ಲವೇ ಕಿರುಮೆದುಳಿನಲ್ಲಿ ಕೀವುಗಟ್ಟಿಸುತ್ತದೆ. ಆಂಟಿಬಯಾಟಿಕ್ ಜ್ವರವನ್ನು ಇಳಿಸುತ್ತದೆ. ದಾರಿ ಮಾತ್ರ ತೆರೆದೇ ಇರುತ್ತದೆ. ಕಾಯಿಲೆ ಮರುಕಳಿಸುವುದು ಅದಕ್ಕೇ.

ಹೊರಗೆ ಕಾಣುವುದು ತೀರಾ ಕಡಿಮೆ. ಸೂಜಿಮೊನೆಯಷ್ಟು ಕುಳಿ, ಅದರಿಂದ ಹೊರಟ ನಾಲ್ಕು ಕೂದಲು, ಸುತ್ತ ಕೆಂಪು, ಕೆಲವೊಮ್ಮೆ ರಸಿಕೆ. ದಟ್ಟ ಕೂದಲಿನಡಿ ಅದು ತಾಯಿಯ ಕಣ್ಣಿಗೂ ಬೀಳದೆ ಹೋಗಬಹುದು. ಶ್ರೀನಿವಾಸಪುರ ತಾಲ್ಲೂಕಿನ ಗಡಿಹೋಬಳಿಯಾದ ಈ ರಾಯಲ್ಪಾಡಿನಲ್ಲಿ ಹುಟ್ಟುಗೂದಲನ್ನು ತಿರುಮಲೆಗೋ ಮನೆದೇವರಿಗೋ ಮುಡಿ ಕೊಡುವ ಮನೆಗಳು ಬಹಳ. ಮುಡಿ ತೆಗೆದ ದಿನ ಮಗುವಿನ ತಲೆ ಪೂರ್ತಿ ಕಾಣುತ್ತದೆ. ಆವತ್ತು ಅಜ್ಜಿಯೋ ಅಮ್ಮನೋ ಹಿಂದಲೆಯ ನಡುವೆ ಬೆರಳಾಡಿಸಿ ನೋಡುವುದು ಖರ್ಚಿಲ್ಲದ, ಬೆಲೆಯುಳ್ಳ ತಪಾಸಣೆ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೂ ಮೊದಲೇ, ಹೆರಿಗೆಯಾದ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೆ ಬರುತ್ತಾರೆ; ಆಗಲೂ ಹೀಗೆ ನೋಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ನರಕೊಳವೆಯ ದೋಷಗಳಿವೆ. ಬೆನ್ನ ಮೇಲೆ ಉಬ್ಬಿದ ಗಂಟು ತಾನಾಗಿ ಕಣ್ಣಿಗೆ ಬೀಳುತ್ತದೆ. ಆದರೆ ಕುಳಿಯನ್ನು ಹುಡುಕಿಯೇ ನೋಡಬೇಕು.

ಎಲ್ಲ ಕುಳಿಗೂ ಹೆದರಬೇಕಿಲ್ಲ. ಪೃಷ್ಠದ ಸೀಳಿನೊಳಗೆ, ಗುದದ್ವಾರದಿಂದ 2.5 ಸೆಂ.ಮೀ. ಅಂತರದೊಳಗೆ, ತಳ ಕಾಣುವ 5 ಮಿ.ಮೀ.ಗಿಂತ ಚಿಕ್ಕ ಕುಳಿ ಸಾಮಾನ್ಯವಾಗಿ ನಿರುಪದ್ರವಿ. ಅದಕ್ಕಿಂತ ಮೇಲಿನದಕ್ಕೆ, ತಲೆಯ ನಡುಗೆರೆಯದಕ್ಕೆ ಎಂಆರ್‌ಐ ಬೇಕು. ಕಡ್ಡಿ ಹಾಕಿ ಆಳ ನೋಡುವುದು, ಹಿಸುಕುವುದು, ಅರಿಶಿನ ತುಂಬುವುದು ಬೇಡ. ಸೋಂಕನ್ನು ನಾವೇ ಒಳಗೆ ತಳ್ಳಿದಂತಾಗುತ್ತದೆ. ಇಲ್ಲಿಂದ ಬೆಂಗಳೂರಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್ ನೂರು ಕಿಲೋಮೀಟರಿಗೂ ದೂರ. ಆದರೂ ಸೋಂಕು ತಗಲುವ ಮೊದಲೇ ಹೋದರೆ ನಾಳವನ್ನೂ ಗಂಟನ್ನೂ ಒಟ್ಟಿಗೆ ತೆಗೆಯುವುದು ಸುಲಭ. ಕೀವಾದ ಮೇಲೆ ಅಂಗಾಂಶಗಳು ಅಂಟಿಕೊಂಡು ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಆದ್ದರಿಂದ ಕಳಿಸುವ ಚೀಟಿಯಲ್ಲಿ ಜ್ವರದ ಜೊತೆಗೆ ಕುಳಿ ಎಲ್ಲಿದೆ, ಎಷ್ಟನೆಯ ಸಲದ ಮೆನಿಂಜೈಟಿಸ್ ಎಂಬುದನ್ನೂ ಬರೆದಿರಬೇಕು.