ಟಗರಿನ ಕಾಳಗ: ಹಲ್ಲಿನ ಲೆಕ್ಕ ಸರಿ, ತಲೆಯ ಲೆಕ್ಕ?

ಹುಲಿಗಿ, ಗಂಗಾವತಿ ಕಡೆ ಟಗರಿನ ಕಾಳಗ ಅಂದ್ರೆ ಮೊದಲ ಪ್ರಶ್ನೆ ‘ಎಷ್ಟಲ್ಲು?’. ಹಾಲಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು ಅಂತ ನೋಡಿಯೇ ಜೋಡಿ ಹಾಕೋದು. ಇದು ಅಪ್ಪಟ ವಿಜ್ಞಾನ. ಕುರಿಗೆ ಮೇಲ್ದವಡೆಯಲ್ಲಿ ಮುಂಬಲ್ಲೇ ಇಲ್ಲ. ಕೆಳಗಿನ 8 ಹಾಲುಹಲ್ಲುಗಳು ಒಂದು–ಒಂದೂವರೆ ವರ್ಷದಿಂದ ಜೋಡಿ ಜೋಡಿಯಾಗಿ ಬಿದ್ದು ಶಾಶ್ವತ ಹಲ್ಲು ಬರುತ್ತವೆ. ಮೇವು, ತಳಿ ನೋಡಿ ಕೆಲ ತಿಂಗಳು ಹಿಂದೆಮುಂದೆ ಆಗಬಹುದು, ಅಷ್ಟೇ. ಜನನ ದಾಖಲೆ ಇಲ್ಲದ ಪ್ರಾಣಿಗೆ ಬಾಯೇ ದಾಖಲೆ.

ಹಿಂದೆ ಸರಿದು ಓಡಿಬರುವುದರಲ್ಲೂ ಲೆಕ್ಕ ಇದೆ. ತೂಕ ಎರಡು ಪಟ್ಟಾದರೆ ಹೊಡೆತದ ಶಕ್ತಿ ಎರಡೇ ಪಟ್ಟು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು.

ಆದರೆ ‘ಟಗರಿನ ತಲೆಗೆ ಏನೂ ಆಗಲ್ಲ’ ಅನ್ನೋ ಮಾತು ನಿಲ್ಲಲ್ಲ. 2022ರ ಅಧ್ಯಯನವೊಂದರಲ್ಲಿ ಉತ್ತರ ಅಮೆರಿಕದ ಬಿಗ್‌ಹಾರ್ನ್ ಕಾಡುಕುರಿಗಳ ಮಿದುಳಲ್ಲೂ ಪೆಟ್ಟಿನ ಗುರುತು ಸಿಕ್ಕಿವೆ. ಕಾಡಲ್ಲಿ ಯಾವಾಗ ನಿಲ್ಲಿಸಬೇಕು ಅಂತ ಪ್ರಾಣಿಯೇ ತೀರ್ಮಾನಿಸುತ್ತದೆ. ಕಣದಲ್ಲಿ ಮಾಲೀಕ, ಪಂದ್ಯದ ಜನ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು ಅಪರಾಧ. ಕರ್ನಾಟಕದ ತಿದ್ದುಪಡಿ ವಿನಾಯಿತಿ ಕೊಟ್ಟಿರೋದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ. 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಟಗರಿನ ಹೆಸರು ಆ ಪಟ್ಟಿಯಲ್ಲಿಲ್ಲ.