ವಾಯೆನಾತೊ

ಸ್ಪಾನಿಷ್‌ನ ‘ವಾಯೆನಾತೊ’ ಪದಕ್ಕೆ ಕಣಿವೆಯಲ್ಲಿ ಹುಟ್ಟಿದವನು ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಕೊಲಂಬಿಯಾದ ವಾಯೆದುಪಾರ್ ಊರಿನವರಿಗೂ ಆ ಸೀಮೆಯ ಅಕಾರ್ಡಿಯನ್ ಸಂಗೀತಕ್ಕೂ ಇದೇ ಹೆಸರು. ಹಾಗಿದ್ದರೆ ಮೆಕ್ಸಿಕೋದ ಮಾಂಟೆರೇಯಲ್ಲಿ ಅಕಾರ್ಡಿಯನ್ ವಾದಕ ಸೆಲ್ಸೊ ಪಿನ್ಯಾ ತಮ್ಮ ತಂಡ ಕಟ್ಟಿ ನುಡಿಸಿದ್ದಕ್ಕೆ ಈ ಹೆಸರು ಸಲ್ಲುತ್ತದೆಯೇ? ಊರಿನ ಹೆಸರು ಊರಿನವರಿಗೇ ಸೇರಬೇಕು ಎನ್ನುವವರಿಗೆ ವಾದ್ಯಗಳೇ ಉತ್ತರ ಕೊಡುತ್ತವೆ. ಕೈಯಿಂದ ಬಡಿಯುವ ಪುಟ್ಟ ಕಾಹಾ, ಗೀರುಗಳ ಮೇಲೆ ಉಜ್ಜಿ ನುಡಿಸುವ ಗ್ವಾಚರಾಕಾ ಇವುಗಳ ಜೊತೆಗಿರುವ ಅಕಾರ್ಡಿಯನ್ ಯುರೋಪಿನಿಂದ ಬಂದದ್ದು. ಹೊರಗಿನ ವಾದ್ಯವನ್ನು ತನ್ನದಾಗಿಸಿಕೊಂಡ ಸಂಗೀತ ಹೊರಗಿನ ವಾದಕನನ್ನು ದೂರವಿಡುವುದು ನ್ಯಾಯವಲ್ಲ.

ಹಾಗೆಂದು ಅಕಾರ್ಡಿಯನ್ ಕೇಳಿಸಿದ್ದೆಲ್ಲ ವಾಯೆನಾತೊ ಆಗದು. 1968ರಲ್ಲಿ ಶುರುವಾದ ವಾಯೆದುಪಾರ್ ಉತ್ಸವದ ಸ್ಪರ್ಧೆಯಲ್ಲಿ ಪಾಸೆಯೊ, ಸೋನ್, ಮೆರೆಂಗೆ, ಪೂಯಾ ಎಂಬ ನಾಲ್ಕು ಲಯಗಳೇ ಒರೆಗಲ್ಲು. ಪಿನ್ಯಾ ಹೆಸರು ಮಾಡಿದ ಕುಂಬಿಯಾ ಎಂಬ ಲಯ ಈ ನಾಲ್ಕರಲ್ಲಿಲ್ಲ. ಅದನ್ನು ಕುಂಬಿಯಾ ಎಂದೇ ಕರೆಯಬೇಕು. ಹೆಸರನ್ನು ತೀರ್ಮಾನಿಸುವುದು ಲಯವೇ ಹೊರತು ವಾದಕನ ಹುಟ್ಟೂರಲ್ಲ.